‘ನಮ್ಮ’ ಅಂದರೆ ಯಾರು

ಮಾರ್ಚ್ 12, ಬುಧವಾರ
ಹೊಸ ಮನೆ, ಅಡುಗೆಮನೆಯ ಕಿಟಕಿಯ ಪಕ್ಕ

ಪ್ರೀತಿಯ ಅಪ್ಪಾ,

ನನ್ನ ಕೆಲಸ ಕಾಯಂ ಆಯಿತು, ಇನ್ನು ಮೇಲೆ ಕಂಪನಿಯಲ್ಲಿ ನಮ್ಮ ಭಾಷೆಯ ವಿಭಾಗಕ್ಕೆ ನಾನೇ ಮುಖ್ಯಸ್ಥೆ! ಮೊದಲು ಕ್ಷೇಮ ಕೇಳಬೇಕು, ಆಮೇಲೆ ಸುದ್ದಿ ಹೇಳಬೇಕು ಅಂತ ಅಮ್ಮ ಕಲಿಸಿದ್ದನ್ನು ಮರೆತಿಲ್ಲ, ಆದರೆ ಪೆನ್ನು ಕೇಳಬೇಕಲ್ಲ. ಈಗ ಕೇಳುತ್ತೇನೆ. ನಿಮ್ಮ ಕತ್ತುನೋವು ಹೇಗಿದೆ? ದಿನವಿಡೀ ಏಣಿಯ ಮೇಲೆ ಕತ್ತೆತ್ತಿ ನಿಂತು ಅಂಗಡಿಗಳಿಗೆ ಬೋರ್ಡು ಬರೆಯುವುದು, ಮನೆಗೆ ಬಂದ ಮೇಲೆ ಬೀರುವಿನ ಮೇಲಿಟ್ಟ ಟಿವಿಯನ್ನೂ ಕತ್ತೆತ್ತಿಯೇ ನೋಡುವುದು, ಪಾಪ ಮುಲಾಮು ತಾನೇ ಏನು ಮಾಡೀತು? ಏಣಿಯ ಮುರಿದ ಮೆಟ್ಟಿಲಿಗೆ ಹೊಸ ಪಟ್ಟಿ ಹೊಡೆಸಿದಿರೋ, ಇನ್ನೂ ತಂತಿ ಸುತ್ತಿಕೊಂಡೇ ಓಡಾಡುತ್ತಿದ್ದೀರೋ? ಅಮ್ಮನ ಮಂಡಿ ಹೇಗಿದೆ? ನಾನಿಲ್ಲದೆ ಮನೆ ನಿಶ್ಶಬ್ದವಾಗಿದೆ ಅಂತ ಅಮ್ಮ ಹೇಳಿದ್ದು ಬೇಸರದಲ್ಲೋ ನೆಮ್ಮದಿಯಲ್ಲೋ, ಅದನ್ನೂ ಸ್ವಲ್ಪ ವಿಚಾರಿಸಿ ಇಟ್ಟಿರಿ.

ನಾನಂತೂ ಚೆನ್ನಾಗಿದ್ದೇನೆ. ‘ಇವರು’ ಅಂತ ಬರೆಯುವಾಗಲೆಲ್ಲ ನನಗೇ ನಗು ಬರುತ್ತದೆ. ಮದುವೆಯಾಗಿ ಇನ್ನೂ ಹೊಸ ಚಪ್ಪಲಿ ಕಚ್ಚುವುದು ನಿಂತಿಲ್ಲ, ಆಗಲೇ ‘ಇವರು’, ‘ನಮ್ಮನೆಯವರು’ ಎಂದೆಲ್ಲ ದೊಡ್ಡ ಗೃಹಿಣಿಯ ಹಾಗೆ ಮಾತಾಡುತ್ತೇನೆ. ಇವರು ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಬರುವಾಗ ಮೆಟ್ಟಿಲ ಬುಡದಿಂದಲೇ ಶಿಳ್ಳೆ ಹಾಕುತ್ತಾ ಬರುತ್ತಾರೆ, ರಾಗ ಮಾತ್ರ ದೇವರಿಗೇ ಪ್ರೀತಿ. ಅತ್ತೆಯ ಹೊಲಿಗೆ ಅಂಗಡಿ ಕೆಳಗಿನ ಮಹಡಿಯಲ್ಲೇ ಇದೆ. ಊಟಕ್ಕೆ ಕೂತಾಗಲೂ ಅಳತೆಪಟ್ಟಿ ಅವರ ಕೊರಳಲ್ಲೇ ಇರುತ್ತದೆ, ಬಟ್ಟೆ ನೋಡಿದರೆ ಸಾಕು, ಹೊಲಿದವರಿಗೆ ಜಗಳಗಂಟ ಗಂಡನೋ ಸಾಧು ಗಂಡನೋ ಅಂತ ಹೇಳಿಬಿಡುತ್ತಾರೆ. ನನಗೆ ಅವರಿಟ್ಟ ಹೆಸರು ‘ಕಂಪನಿ’. ಸಂಜೆ ನಾನು ಬಾಗಿಲಲ್ಲಿ ಕಂಡರೆ, “ಬಂತು ನೋಡು ನಮ್ಮ ಕಂಪನಿ, ಎಲ್ಲರೂ ದಾರಿ ಬಿಡಿ” ಅನ್ನುತ್ತಾರೆ. ಮೊದಮೊದಲು ಈ ಹೆಸರು ಕೇಳಿ ಎಷ್ಟು ನಗುತ್ತಿದ್ದೆ! ಈಗ ಅದನ್ನು ಕೇಳಿದರೆ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ. ಯಾಕೆ ಅಂತ ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನೀವು ಅದನ್ನು ಸ್ಪೀಕರಿಗೆ ಹಾಕಿ, “ನನ್ನ ಮಗಳು!” ಅಂತ ಇಡೀ ಬೀದಿಯನ್ನು ಕರೆಯುತ್ತೀರಿ. ಇದು ಬೀದಿಗೆ ಕೇಳಿಸುವ ಮಾತಲ್ಲ ಅಪ್ಪಾ. ಮೊದಲು ನೀವೊಬ್ಬರೇ ಓದಬೇಕು.

ನನ್ನ ಕೆಲಸವನ್ನು ನೀವು ಎಲ್ಲರಿಗೂ “ಫೋನಿಗೆ ಬೋರ್ಡು ಬರೆಯೋದು” ಅಂತ ವಿವರಿಸುತ್ತೀರಲ್ಲ, ಅದು ಸರಿಯಾಗೇ ಇದೆ. ಕಂಪನಿ ಇರುವುದು ಸಮುದ್ರದಾಚೆ. ಇಲ್ಲಿ ಜನ ಫೋನಿನಲ್ಲಿ ಟೈಲರೋ ಬೀಗ ರಿಪೇರಿಯೋ ಎಂದು ಹುಡುಕಿದರೆ ಅಂಗಡಿಗಳನ್ನು ತೋರಿಸುವುದು ಅದೇ, ಮೇಲ್ಸಾಲಿನಲ್ಲಿ ತೋರಿಸುವುದಕ್ಕೆ ಅಂಗಡಿಯವರಿಂದ ತಿಂಗಳು ತಿಂಗಳು ಹಣ ತೆಗೆದುಕೊಳ್ಳುವುದೂ ಅದೇ. ಇಂಗ್ಲಿಷಿನಲ್ಲಿ ಬಂದ ಅವರ ಮಾತನ್ನು ನಮ್ಮ ಭಾಷೆಗೆ ತರುವುದು ನಾನು. ಇಂಗ್ಲಿಷ್ ಶಾಲೆಗೆ ಸೇರಿಸಿದವರೂ ನೀವೇ, “ನೀನು ಇಂಗ್ಲಿಷಲ್ಲಿ ಬೇಯಿಸಿ ನಮ್ಮ ಭಾಷೇಲಿ ಬಡಿಸ್ತೀಯ, ಅದಕ್ಕೇ ಒಳಗೆಲ್ಲ ಹಸಿ” ಅಂತ ಗೇಲಿ ಮಾಡಿದವರೂ ನೀವೇ. ಈಗ ಸರ್ಕಾರ ಹೊರದೇಶದ ಇಂಥ ಕಂಪನಿಗಳು ಇಲ್ಲಿ ಗಳಿಸಿದ್ದಕ್ಕೆ ಇಲ್ಲೇ ತೆರಿಗೆ ಕಟ್ಟಬೇಕು ಅನ್ನುತ್ತಿದೆ. ಇದು ನೀವು ಎಷ್ಟೋ ಕಾಲದಿಂದ ವರ್ತಕರ ಸಂಘದ ಸಭೆಯಲ್ಲಿ ಕೂಗುತ್ತಿದ್ದ ಮಾತೇ ಅಲ್ಲವೇ? “ನಾನು ಬರೆದ ಬೋರ್ಡು ಒಂದು ಗೇಣು ಹೆಚ್ಚಾದ್ರೆ ಪುರಸಭೆಯೋನು ಟೇಪು ಹಿಡ್ಕೊಂಡು ಬಂದು ಬೋರ್ಡಿನ ತೆರಿಗೆ ಕೇಳ್ತಾನೆ. ಅವರ ಬೋರ್ಡು ಪ್ರತಿಯೊಬ್ಬನ ಜೇಬಲ್ಲಿ ನೇತಾಡ್ತಾ ಇದೆ, ಅದನ್ನ ಯಾಕೆ ಯಾರೂ ಅಳೆಯೋದಿಲ್ಲ?” ಕಾಲೇಜಿನಲ್ಲಿದ್ದಾಗ ಈ ಮಾತನ್ನು ನಿಮ್ಮ ಧ್ವನಿಯಲ್ಲೇ ಅಣಕ ಮಾಡಿ ಅಮ್ಮನನ್ನು ನಗಿಸುತ್ತಿದ್ದೆ.

ಕಂಪನಿಗೆ ಈ ತೆರಿಗೆ ಬೇಡ. ಅದು ಎಲ್ಲ ಅಂಗಡಿಯವರ ಫೋನಿಗೂ ಒಂದು ಸಂದೇಶ ಕಳಿಸಬೇಕೆಂದಿತು. ಕೆಳಗೊಂದು ಗುಂಡಿ, ಒತ್ತಿದರೆ ಅವರ ಹೆಸರಿನಲ್ಲಿ ಸರ್ಕಾರಕ್ಕೆ ಮನವಿ ಹೋಗುತ್ತದೆ. ಮೊದಲು ನಾನು ಬರೆದದ್ದು “ಕಂಪನಿಯ ಮೇಲಿನ ಹೊಸ ತೆರಿಗೆ ಬೇಡ ಅನ್ನಿ” ಎಂದು. ಓದಿ ನೋಡಿದರೆ ಒಣಗಿದ ರೊಟ್ಟಿಯ ಹಾಗಿತ್ತು. ಆಗ ನೀವು ನೆನಪಾದಿರಿ. ಬಟ್ಟೆ ಅಂಗಡಿಯವರ ಬೋರ್ಡು ಬರೆಯುವಾಗ ಅವರು ಹಾಕಬೇಕೆಂದ ಅವರಪ್ಪನ ಹೆಸರನ್ನು ಒಪ್ಪದೆ, “ಮೊದಲು ‘ನಮ್ಮ’ ಅಂತ ಹಾಕಿ ಸಾರ್, ಗಿರಾಕಿ ತನ್ನದೇ ಅಂಗಡಿ ಅನ್ಕೊಂಡು ಒಳಗೆ ಬರ್ತಾನೆ” ಅಂದಿರಲ್ಲ. ಇಂಗ್ಲಿಷಿನಲ್ಲೂ ಕಂಪನಿ ತನ್ನನ್ನು ‘ನಾವು’ ಎಂದೇ ಕರೆದುಕೊಂಡಿತ್ತು. ನಾನು ‘ಕಂಪನಿಯ’ ಹೊಡೆದುಹಾಕಿ ‘ನಮ್ಮ’ ಅಂತ ಬರೆದೆ. “ನಮ್ಮ ಮೇಲಿನ ಹೊಸ ತೆರಿಗೆ ಬೇಡ ಅನ್ನಿ.” ಎಷ್ಟು ಬೆಚ್ಚಗಿತ್ತು ಅಪ್ಪಾ! ಅಪ್ಪನ ಮಗಳು ಅಂದರೆ ಇವಳು ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಈ ಪದವನ್ನು ಕಂಪನಿ ನನಗೆ ಕೊಟ್ಟದ್ದಲ್ಲ, ನಿಮ್ಮ ಡಬ್ಬಿಯಿಂದ ನಾನೇ ಕುಂಚ ಅದ್ದಿ ತೆಗೆದದ್ದು.

ಶನಿವಾರ ಅತ್ತೆಯ ಅಂಗಡಿಯಲ್ಲಿ ಅಂಗಿಯ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಾ ಕೂತಿದ್ದೆ. ಅತ್ತೆ ಫೋನು ತೋರಿಸಿ, “ಒತ್ತಿದೆ ಕಣಮ್ಮ. ಹೊಲಿಗೆ ಅಂಗಡಿಗೂ ಹೊಸ ತೆರಿಗೆ ಹಾಕ್ತಾರಂತೆ, ಇವರಿಗೇನು ಬಂದಿದೆ ರೋಗ! ನಿಮ್ಮ ಕಂಪನಿ ಒಳ್ಳೇದು ಬಿಡು, ನಮ್ಮಂಥೋರ ಪರ ನಿಂತಿದೆ” ಅಂದರು. ನಾನು ನಗುತ್ತಾ, ಇಲ್ಲ ಅತ್ತೆ, ಅದು ನಿಮ್ಮ ಮೇಲಿನ ತೆರಿಗೆಯಲ್ಲ, ಕಂಪನಿಯ ಮೇಲಿನದು ಅಂದೆ. ಅವರು ಕನ್ನಡಕ ಏರಿಸಿ ಇನ್ನೊಮ್ಮೆ ಓದಿದರು. “ಮತ್ತೆ ‘ನಮ್ಮ’ ಅಂತಿದೆಯಲ್ಲೇ? ನಮ್ಮ ಅಂದ್ರೆ ಯಾರು?” ನನ್ನ ಕೈಯಲ್ಲಿದ್ದ ಗುಂಡಿಗಳೆಲ್ಲ ಕೆಂಪು ನೀಲಿ ಒಂದೇ ಆಗಿ ಬೆರೆತುಹೋದವು. ಅತ್ತೆ ಬೈಯಲಿಲ್ಲ. ದಾರ ಕಚ್ಚಿ ತುಂಡು ಮಾಡಿ, “ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ” ಅಂದರು, ಅಷ್ಟೇ. ಆಮೇಲೆ ಬರೆದವಳು ನಾನೇ ಎಂದು ನನ್ನ ಮುಖ ನೋಡಿ ಗೊತ್ತಾಗಿರಬೇಕು, ಸುಮ್ಮನೆ ಒಂದು ಲೋಟ ಚಹಾ ತಂದಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಸೋಮವಾರ ಮೇಲಧಿಕಾರಿಯ ಹತ್ತಿರ ಓಡಿದೆ. ಒಂದು ಪದ ತಪ್ಪಾಗಿದೆ, ಜನ ತಮ್ಮ ಮೇಲಿನ ತೆರಿಗೆ ಅಂದುಕೊಂಡು ಒತ್ತುತ್ತಿದ್ದಾರೆ, ತಿದ್ದಿ ಕಳಿಸೋಣ ಅಂದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿ, “ತಪ್ಪೇನಿಲ್ಲಮ್ಮ. ನಮ್ಮ ಮೇಲೆ ಬಿದ್ದದ್ದು ನಾಳೆ ಅವರ ಮೇಲೂ ಬೀಳುತ್ತೆ. ಹಾಗಾಗಿ ‘ನಮ್ಮ’ ಅನ್ನೋದೇ ಸರಿ” ಎಂದರು. ಬೇರೆ ಯಾವ ಭಾಷೆಯಲ್ಲೂ ಇಷ್ಟು ಜನ ಒತ್ತಿಲ್ಲವಂತೆ. ಮಧ್ಯಾಹ್ನ ಕೇಕು ತರಿಸಿದರು, ಕೆಲಸ ಕಾಯಂ ಎಂದು ಎಲ್ಲರ ಮುಂದೆ ಹೇಳಿದರು. ಚಪ್ಪಾಳೆ ತಟ್ಟುತ್ತಿದ್ದರು ಅಪ್ಪಾ, ನಾನು ಬಾಯ್ತುಂಬ ಕೇಕು ಇಟ್ಟುಕೊಂಡು ನಗುತ್ತಿದ್ದೆ. ಬಾಯಲ್ಲಿ ಕೇಕು ಇದ್ದದ್ದು ಒಳ್ಳೆಯದೇ ಆಯಿತು, ಮಾತಾಡದೆ ಇರುವುದಕ್ಕೆ ಒಂದು ನೆಪ ಸಿಕ್ಕಿತು. ಮೊದಲ ಸಾಲಿನಲ್ಲೇ ಆ ಸುದ್ದಿ ಬರೆದುಬಿಟ್ಟದ್ದು ಇದಕ್ಕೇ. ಇಲ್ಲಿಯವರೆಗೆ ಬಂದ ಮೇಲೆ ಅದನ್ನು ಖುಷಿಯಿಂದ ಬರೆಯಲು ಆಗುತ್ತಿರಲಿಲ್ಲ.

ಇಷ್ಟಾದರೂ ತಿದ್ದಿಕೊಳ್ಳಬಹುದಿತ್ತು. ನಿನ್ನೆ ನೀವು ಫೋನು ಮಾಡಿದಿರಿ. ಸ್ಪೀಕರಿನಲ್ಲಿ ಬೀದಿಯ ಸದ್ದೆಲ್ಲ ಕೇಳುತ್ತಿತ್ತು. ಏಣಿ ಹೆಗಲ ಮೇಲಿಟ್ಟುಕೊಂಡೇ ಅಂಗಡಿ ಅಂಗಡಿಗೆ ಹೋಗಿ ಎಲ್ಲರ ಕೈಯಲ್ಲೂ ಆ ಗುಂಡಿ ಒತ್ತಿಸಿದಿರಂತೆ. “ಇಷ್ಟು ದಿನ ನಾನೇ ತಪ್ಪು ತಿಳ್ಕೊಂಡಿದ್ದೆ ಕಣೇ. ತೆರಿಗೆ ಬೀಳೋದು ನಮ್ಮ ಮೇಲೇ ಅಂತೆ! ನನ್ನ ಮಗಳೇ ಬರೆದಿದ್ದಾಳೆ ಅಂದ ಮೇಲೆ ಯಾರೂ ಎದುರಾಡ್ಲಿಲ್ಲ” ಅಂದಿರಿ. ಹಿಂದಿನಿಂದ ಬೀಗದ ಅಂಗಡಿಯವರು, “ಬಣ್ಣದಣ್ಣ ಬಣ್ಣ ಬದಲಾಯಿಸಿದ್ದು ನೋಡಿ! ನಿನ್ನೆವರೆಗೂ ತೆರಿಗೆ ಹಾಕಿ ಅಂತಿದ್ದೋರು!” ಅಂತ ಕೂಗಿದ್ದು ನನಗೂ ಕೇಳಿಸಿತು. ನೀವು ನಕ್ಕು, “ತಪ್ಪು ಗೊತ್ತಾದ ಮೇಲೆ ತಿದ್ದಿಕೊಳ್ಳದಿದ್ರೆ ಅವನೆಂಥ ಬೋರ್ಡು ಬರೆಯೋನಯ್ಯ?” ಅಂದಿರಿ. ಭಾನುವಾರ ಶಾಸಕರು ಸಂಘದ ಸಭೆಗೆ ಬರುವಾಗ ವೇದಿಕೆಯ ಹಿಂದೆ ಕಟ್ಟಲು ನನ್ನದೇ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬ್ಯಾನರ್ ಬರೆಯುತ್ತೀರಂತೆ, ಮಾತಾಡುವವರೂ ನೀವೇ ಅಂತೆ. ನಾನು ಏನಂದೆ ನೆನಪಿದೆಯೇ? “ಸೂಪರ್ ಅಪ್ಪಾ!” ಅಂದೆ. ಗೊತ್ತಿದ್ದೂ ಅಂದೆ. ಫೋನಿಟ್ಟಾಗಿನಿಂದ ಆ ‘ಸೂಪರ್’ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ನುಂಗಿದರೂ ಇಳಿಯುತ್ತಿಲ್ಲ, ಉಗುಳೋಣವೆಂದರೂ ಬರುತ್ತಿಲ್ಲ.

ಇವರಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಇವರ ವಾದ ಬೇರೆಯೇ. “ತೆರಿಗೆ ಹಾಕಿದ್ರೆ ಅವರೇನು ತಮ್ಮ ಜೇಬಿಂದ ಕಟ್ತಾರಾ? ಡೀಸೆಲ್ ಬೆಲೆ ಏರಿದ್ರೆ ನಾವು ಬಾಡಿಗೆ ಏರಿಸೋದಿಲ್ವಾ, ಹಾಗೇ ಅಂಗಡಿಯೋರ ಮೇಲೇ ಹೇರ್ತಾರೆ. ನಿನ್ನ ಪದ ಅಷ್ಟೇನೂ ಸುಳ್ಳಲ್ಲ” ಅಂದರು. ಸಮಾಧಾನ ಮಾಡುವುದಕ್ಕೆ ಹೇಳಿದ್ದು, ಆದರೂ ಅದರಲ್ಲಿ ಹುರುಳಿದೆ. ನಮ್ಮ ದೇಶ ಜೋರು ಮಾಡಿದರೆ ಅವರ ದೇಶ ನಮ್ಮ ಸರಕಿಗೆ ಸುಂಕ ಏರಿಸಬಹುದು ಅಂತಲೂ ಅಂದರು. ಆಗ ಅತ್ತೆ ಒಳಗಿನಿಂದಲೇ, “ನೆಂಟರು ಬಂದ್ರೆ ಊಟ ಹಾಕೋಣ. ನಮ್ಮ ಜಗಲಿ ಮೇಲೇ ಅಂಗಡಿ ಇಟ್ಕೊಂಡು ಕೂತ್ರೆ ಬಾಡಿಗೆ ಕೊಡ್ಬೇಕಪ್ಪ. ಬಾಡಿಗೆ ಕೇಳಿದ್ರೆ ಬೆಲೆ ಏರಿಸ್ತೀನಿ ಅಂತ ಹೆದರಿಸೋನು ಇವತ್ತಲ್ಲ ನಾಳೆ ಹೇಗೂ ಏರಿಸ್ತಾನೆ” ಅಂದರು. ತಾಯಿ ಮಗ ಅಲ್ಲಿಂದ ಶುರು ಮಾಡಿ ಊಟ ತಣ್ಣಗಾಗುವವರೆಗೂ ನಿಲ್ಲಿಸಲಿಲ್ಲ. ನನಗೆ ಯಾರು ಸರಿ ಅಂತ ಪೂರ್ತಿ ಗೊತ್ತಿಲ್ಲ ಅಪ್ಪಾ. ಅತ್ತೆಯ ಕಡೆಗೆ ವಾಲುತ್ತೇನೆ, ಯಾಕೆಂದರೆ ನಿಮ್ಮ ಟೇಪಿನ ಮಾತಿಗೆ ಉತ್ತರ ಕೊಟ್ಟವರನ್ನು ಇನ್ನೂ ಕಂಡಿಲ್ಲ. ಆದರೆ ಒಂದು ಗೊತ್ತು. ಇವರಿಬ್ಬರೂ ಜಗಳವಾಡುವಾಗ ತೆರಿಗೆ ಯಾರ ಮೇಲಿನದು ಅಂತ ಇಬ್ಬರಿಗೂ ತಿಳಿದಿತ್ತು. ನಿಮ್ಮ ಬೀದಿಗೆ ಆ ಜಗಳವಾಡುವ ಅವಕಾಶವನ್ನೇ ನಾನು ಕೊಡಲಿಲ್ಲ. ನಿಮ್ಮ ಬಾಯಿಂದ ನಿಮ್ಮ ಮಾತನ್ನೇ ಕಿತ್ತುಕೊಂಡು ಅವರ ಮಾತನ್ನು ತುರುಕಿದೆ, ಅದೂ ನೀವೇ ಕಲಿಸಿದ ಪದದಿಂದ.

ಇವತ್ತು ಬೆಳಿಗ್ಗೆ ಮತ್ತೆ ಮೇಲಧಿಕಾರಿಯ ಹತ್ತಿರ ಹೋಗಿ ಕೇಳಿದೆ. ತಿದ್ದುಪಡಿ ಹೋಗುವುದಿಲ್ಲ, ಹೊರಗೆ ಮಾತಾಡುವುದಾದರೆ ಯೋಚಿಸಿ ಮಾತಾಡು ಅಂದರು. ಯೋಚಿಸಿದೆ, ರಜೆ ಬರೆದುಕೊಟ್ಟು ಬಂದೆ. ಕಾಯಂ ಕೆಲಸ ಎಷ್ಟು ದಿನ ಕಾಯಂ ಆಗಿರುತ್ತದೋ ನೋಡೋಣ. ಅತ್ತೆ, “ಕಂಪನಿ ಮುಚ್ಚಿದ್ರೆ ಕಾಜಾ ಹೊಲಿಯೋಕೆ ಬಾ” ಅಂದಿದ್ದಾರೆ, ನನ್ನ ಹೊಲಿಗೆ ನೋಡಿಲ್ಲ, ಪಾಪ. ಕಾಗದವನ್ನು ಇವರ ಆಫೀಸಿನ ಲಾರಿ ಡ್ರೈವರ್ ನಾಳೆ ನಿಮ್ಮ ಕೈಗೇ ಕೊಡುತ್ತಾರೆ. ಓದಿದ ಮೇಲೆ ಬೈಯಿರಿ, ಆದರೆ ಮಾತು ಬಿಡಬೇಡಿ. ಅಮ್ಮನಿಗೆ ನೀವೇ ಹೇಳಿ, ಮೆತ್ತಗೆ. ಇವರು ನಿಮಗೂ ಅಮ್ಮನಿಗೂ ನಮಸ್ಕಾರ ತಿಳಿಸಿದ್ದಾರೆ, ಜೊತೆಗೆ ಏಣಿಗೆ ಒಳ್ಳೆಯ ಮರದ ಪಟ್ಟಿಯನ್ನೂ ಅದೇ ಲಾರಿಯಲ್ಲಿ ಕಳಿಸುತ್ತಿದ್ದಾರೆ.

ನಿಮ್ಮ ಮುಖ ನೋಡಲು ನಾಚುತ್ತಿರುವ, ಆದರೂ ನೋಡಲೇಬೇಕಾದ,
ನಿಮ್ಮ ಮಗಳು

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾರೆ, ಮುಖ್ಯವಾದದ್ದನ್ನೇ ಬರೆದಿಲ್ಲ! ಬ್ಯಾನರಿನಲ್ಲಿ ‘ನಮ್ಮ’ ಎಂಬ ಪದ ಇನ್ನೂ ಬರೆದಿರದಿದ್ದರೆ ಆ ಜಾಗ ಖಾಲಿ ಬಿಡಿ, ಬರೆದಿದ್ದರೆ ಬಿಳಿ ಬಣ್ಣ ಬಳಿದುಬಿಡಿ. ಕೊನೆಯ ‘ಬೇಡ ಅನ್ನಿ’ಯನ್ನೂ ಬರೆಯಬೇಡಿ. ತೆರಿಗೆ ಬೇಕೋ ಬೇಡವೋ ನೀವೂ ಬೀದಿಯವರೂ ಕೂತು ತೀರ್ಮಾನಿಸಿ. ಯಾರ ಮೇಲೆ ಅನ್ನುವುದನ್ನು ಮಾತ್ರ ನಾನೇ ಏಣಿ ಹತ್ತಿ ಬರೆಯುತ್ತೇನೆ, ಯಾಕೆ ಬದಲಾಯಿತು ಅಂತ ಸಭೆಯಲ್ಲೂ ನಾನೇ ನಿಂತು ಹೇಳುತ್ತೇನೆ, ಬೀಗದ ಅಂಗಡಿಯವರು ಮುಂದಿನ ಸಾಲಿನಲ್ಲೇ ಕೂತಿರಲಿ. ಶನಿವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ.