ನ್ಯಾಶ್‌ವಿಲ್‌ನಲ್ಲಿ ಮಗಳು ಡಾಕ್ಟರ್

ಪ್ಲೇನ್ಸ್‌ಬರೋ, ನ್ಯೂಜೆರ್ಸಿ
ಅಕ್ಟೋಬರ್ 12, 2025, ಭಾನುವಾರ

ಪ್ರೀತಿಯ ಶ್ರಿಯಾ ಪುಟ್ಟಿ,

ಹೇಗಿದ್ದೀಯ? ಎಡಗೈ ಮಣಿಕಟ್ಟಿನ ನೋವು ಇಳಿಯಿತೇ? ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಅಮ್ಮ ಚೆನ್ನಾಗಿದ್ದಾಳೆ, ನನ್ನ ಬಿ.ಪಿ. ಹಿಡಿತದಲ್ಲಿದೆ. ಅಪ್ಪ ಕನ್ನಡದಲ್ಲಿ ಯಾಕೆ ಬರೆದರು ಎಂದು ಬೈದುಕೊಳ್ಳಬೇಡ. ನೀನು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತೀಯ. ಈ ಪತ್ರದಲ್ಲಿರುವುದು ನಿನಗೆ ನಿಧಾನವಾಗಿಯೇ ತಿಳಿಯಲಿ ಎನ್ನುವಷ್ಟು ನಾಚಿಕೆ ನನಗಿದೆ.

ಹೋದ ವಾರ ನಮ್ಮ ಕನ್ನಡ ಕೂಟದ ಹಿರಿಯರ ಸಭೆಯಲ್ಲಿ ಭಾಷಣದ ಸರದಿ ನನ್ನದಾಗಿತ್ತು. ತಪ್ಪಿಸಿಕೊಂಡವರು ನಲವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿ ತರಬೇಕು ಎಂಬ ನಿಯಮ ನಿನಗೆ ಗೊತ್ತಲ್ಲ. ವಿಷಯ ಹೊಳೆಯದೆ ಗರಾಜಿನಲ್ಲಿ ತಡಕಾಡುವಾಗ ಹತ್ತನೇ ಗ್ರೇಡಿನಲ್ಲಿ ನೀನು ಮಾಡಿದ ಕಂಟ್ರಿ ಮ್ಯೂಸಿಕ್, ಅದೇ ಇಲ್ಲಿನ ಹಳ್ಳಿಗಾಡಿನ ಸಂಗೀತದ ಚರಿತ್ರೆಯ ಪ್ರಾಜೆಕ್ಟ್ ಬೋರ್ಡು ಸಿಕ್ಕಿತು. ಆ ದಿನ ನಾನು ಅದನ್ನು ಓದಿರಲಿಲ್ಲ, ಎಷ್ಟು ಪಾಯಿಂಟ್ ಬಂತು ಎಂದಷ್ಟೇ ಕೇಳಿದ್ದೆ. ಈಗ ನೆಲದ ಮೇಲೆ ಕೂತು ಪೂರ್ತಿ ಓದಿದೆ. ನೂರು ವರ್ಷದ ಹಿಂದೆ, 1925ರಲ್ಲಿ, ನ್ಯಾಶ್‌ವಿಲ್ ರೇಡಿಯೋದಲ್ಲಿ ಎಪ್ಪತ್ತೇಳರ ಮುದುಕನೊಬ್ಬ ಪಿಟೀಲು ನುಡಿಸಿ ಇಂದಿಗೂ ನಡೆಯುವ ಶನಿವಾರ ರಾತ್ರಿಗಳ ಸಂಗೀತ ಕಾರ್ಯಕ್ರಮಕ್ಕೆ ನಾಂದಿ ಹಾಡಿದ್ದು, ಎರಡು ವರ್ಷದ ನಂತರ ಅದೇ ರಾಜ್ಯದ ಗಡಿಯೂರು ಬ್ರಿಸ್ಟಲ್‌ನ ಟೋಪಿ ಗೋದಾಮಿನಲ್ಲಿ ಬೆಟ್ಟದ ಸೀಮೆಯವರ ಹಾಡುಗಳನ್ನು ರೆಕಾರ್ಡ್ ಮಾಡಿದ್ದು, ತುಂಬು ಗರ್ಭಿಣಿಯೊಬ್ಬಳು ಅಲ್ಲಿಗೆ ಬಂದು ಗಿಟಾರ್ ನುಡಿಸಿದ್ದು, ಎಲ್ಲ ಅದರಲ್ಲಿತ್ತು. ಆ ರೆಕಾರ್ಡ್ ಕಂಪನಿ ನಮ್ಮ ನ್ಯೂಜೆರ್ಸಿಯ ಕ್ಯಾಮ್ಡೆನ್‌ನದು ಎಂದು ನೀನು ಕೆಂಪು ಮಾರ್ಕರಿನಲ್ಲಿ ಬರೆದಿದ್ದೆ. ಅಲ್ಲಿಗೆ ಕರೆದುಕೊಂಡು ಹೋಗು ಎಂದು ಪೀಡಿಸಿದ್ದೆ, ನಾನು ಕಾಲೇಜು ಪ್ರವೇಶದ ಎಸ್‌ಎಟಿ ಕೋಚಿಂಗಿಗೆ ಕರೆದುಕೊಂಡು ಹೋಗಿದ್ದೆ.

ಭಾಷಣ ಅಂದರೆ ಆ ಬೋರ್ಡನ್ನೇ ನೋಡಿಕೊಂಡು ಓದಿದೆ. ಜೋರು ಚಪ್ಪಾಳೆ ಬಿತ್ತು. ನವನೀತ್ ಅಂಕಲ್, "ಏನ್ ಸಾರ್, ಇಷ್ಟೆಲ್ಲಾ ಹೆಂಗ್ ಗೊತ್ತು ನಿಮ್ಗೆ?" ಎಂದರು. ಹವ್ಯಾಸ ಎಂದೆ. ಗೌರಮ್ಮ ಆಂಟಿ, "ನಿಮ್ ಶ್ರಿಯಾನೂ ನ್ಯಾಶ್‌ವಿಲ್‌ನಲ್ಲೇ ಅಲ್ವಾ? ಪಾಪ, ರೆಸಿಡೆನ್ಸಿ ಅಂತ ಹಗಲೂ ರಾತ್ರಿ ಆಸ್ಪತ್ರೆ ಡ್ಯೂಟಿಯಲ್ಲಿ ಇದೆಲ್ಲಾ ಕೇಳೋಕೆ ಪುರುಸೊತ್ತೆಲ್ಲಿ" ಎಂದರು. ನಾನು ತಲೆಯಾಡಿಸಿದೆ. ಹೌದು ಪುಟ್ಟಿ, ಮೆಡಿಕಲ್ ಸ್ಕೂಲ್ ಬಿಟ್ಟು ಪಿಟೀಲು ಹಿಡಿದಳು ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಎರಡು ವರ್ಷದಿಂದ ಎಲ್ಲರೆದುರು ನಿನ್ನನ್ನು ಡಾಕ್ಟರ್ ಮಾಡಿ ಇಟ್ಟಿದ್ದೇನೆ. ಹಿಂದಿನ ಸಾಲಿನಲ್ಲಿದ್ದ ನಿಮ್ಮಮ್ಮ ಎದ್ದು ಹೋಗಿ ಕಾರಿನಲ್ಲಿ ಕೂತಳು. ಅಂದಿನಿಂದ ನನ್ನೊಡನೆ ಊಟಕ್ಕೆ ಉಪ್ಪು ಬೇಕೇ, ಖಾರ ಬೇಕೇ ಎಂಬ ಮಾತಷ್ಟೇ.

ಚಳಿ ಶುರುವಾಗುತ್ತಿದೆ, ಕಾರಿನ ಟೈರ್ ನೋಡಿಸಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಎಂದು ಹರಸುವ ಹಕ್ಕು ಇನ್ನೂ ನನಗಿದೆ ಎಂದುಕೊಂಡು ಹರಸುತ್ತೇನೆ.

ನಿನ್ನ ಅಪ್ಪ,
ಮಂಜುನಾಥ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಇಪ್ಪತ್ತೈದನೇ ತಾರೀಖು ಮ್ಯಾನ್‌ಹಟನ್‌ನಲ್ಲಿ ನಿಮ್ಮ ಬ್ಯಾಂಡ್ ನುಡಿಸುತ್ತದೆ, ಬನ್ನಿ ಎಂದು ನೀನು ಕರೆದಾಗ ಮದುವೆ ಇದೆ ಎಂದಿದ್ದೆನಲ್ಲ, ಯಾವ ಮದುವೆಯೂ ಇಲ್ಲ. ಇವತ್ತು ಬೆಳಿಗ್ಗೆ ನವನೀತ್ ಅಂಕಲ್ ಅದರ ಪೋಸ್ಟರನ್ನು ಕನ್ನಡ ಕೂಟದ ವಾಟ್ಸಾಪ್ ಗ್ರೂಪಿಗೆ ಹಾಕಿ, ಇವಳು ನಮ್ಮ ಶ್ರಿಯಾನಾ ಎಂದು ಕೇಳಿದರು. ನಾನು "ಅಲ್ಲ, ಬೇರೆ ಯಾರೋ" ಎಂದು ಬರೆದೆ. ಆ ಗ್ರೂಪಿನಲ್ಲಿ ನೀನೂ ಇದ್ದೀಯ ಎಂದು ಅರ್ಧ ಗಂಟೆಯ ಮೇಲೆ ನೆನಪಾಯಿತು. ಅಳಿಸಿ, "ಅವಳು ನನ್ನ ಮಗಳೇ, ಡಾಕ್ಟರ್ ಅಲ್ಲ, ಸುಳ್ಳು ಹೇಳಿದ್ದು ನಾನು" ಎಂದು ಬರೆದಿದ್ದೇನೆ. ಮೊದಲಿನದನ್ನು ನೀನು ಓದಿಬಿಟ್ಟಿದ್ದರೆ ಒಂದೇ ಟಿಕೆಟ್ ಇಡು, ಅಮ್ಮನಿಗೆ. ಅವಳನ್ನು ಬಾಗಿಲವರೆಗೆ ಬಿಟ್ಟು ನಾನು ಹೊರಗೇ ನಿಂತಿರುತ್ತೇನೆ.