ಅಕ್ಕ ಕೊಟ್ಟ ಪಟ್ಟೆ ಬಿಗೋನಿಯ

ಚಾಮರಾಜಪೇಟೆ,
೨೦ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಮುತ್ಯಾಲಮ್ಮನಿಗೆ,

ನಿನ್ನ ಮಂಡಿನೋವು ಹೇಗಿದೆ? ಮೈಸೂರಿನ ಮಗಳ ಮನೆಯ ಮೆಟ್ಟಿಲು ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡ. ಬಾಣಂತಿ ಐಶ್ವರ್ಯ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಮೊಮ್ಮಗಳು ಈಗ ಮುಖ ನೋಡಿ ನಗುತ್ತಾಳೆಂದು ನೀನು ಹೇಳಿದೆ. ಅದನ್ನು ಕೇಳಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ದಿನವೂ ಫೋನು ಮಾಡುವವನು ಕಾಗದ ಬರೆದನೆಂದು ಗಾಬರಿಯಾಗಬೇಡ. ನೀನು "ಬಿಗೋನಿಯ ಗಿಡಗಳು ಹೆಂಗಿದಾವೆ?" ಎಂದಾಗಲೆಲ್ಲ "ಚೆನ್ನಾಗಿದಾವೆ" ಎಂದೆನಲ್ಲ, ಅದು ಸುಳ್ಳು. ನಿನ್ನ ದನಿ ಕೇಳುತ್ತ ಒಪ್ಪಿಕೊಳ್ಳಲು ಧೈರ್ಯ ಬರಲಿಲ್ಲ.

ನೀನು ಹೊರಟ ಹದಿನೈದು ದಿನಕ್ಕೆ ಪಟ್ಟೆ ಬಿಗೋನಿಯ ಕೊಳೆತುಹೋಯಿತು. ಹೌದು, ನಿನ್ನ ಅಕ್ಕ ಬಸವಮ್ಮ ಕೊನೆಯ ಸಲ ಆಸ್ಪತ್ರೆಗೆ ಸೇರುವ ಮುಂಚೆ ತಂದುಕೊಟ್ಟದ್ದೇ, ಎಲೆಯ ಮೇಲೆ ಬೆಳ್ಳಿ ಪಟ್ಟೆ, ನಡುವೆ ದ್ರಾಕ್ಷಿ ಬಣ್ಣ ಇರುವುದು. ನಲವತ್ತು ವರ್ಷ ಸೊಪ್ಪು ಮಾರಿದ ಕೈ ನನ್ನದು. ಎಲೆ ಕಂಡರೆ ನೀರು ಚಿಮುಕಿಸುತ್ತದೆ. ಮಳೆಗಾಲವೆಂದೂ ನೋಡದೆ ಬೆಳಿಗ್ಗೆ ಸಂಜೆ ಎಲೆಯ ಮೇಲೆಲ್ಲ ಚಿಮುಕಿಸಿದೆ, ಬುಡಕ್ಕೆ ಚೊಂಬುಗಟ್ಟಲೆ ಹೊಯ್ದೆ. ಒಂದು ದಿನ ಕಾಂಡ ಮುಟ್ಟಿದರೆ ಬೆಣ್ಣೆಯಂತೆ ಕುಸಿಯಿತು. ಕುಂಡ ಹಿಡಿದುಕೊಂಡು ತಾರಸಿಯ ಮೇಲೇ ಕುಳಿತುಬಿಟ್ಟೆ. ಅಂಗಡಿಯಿಂದ ತರಬಹುದಾದ ಗಿಡವಲ್ಲವಲ್ಲ ಅದು.

ಮಹಡಿಯ ಬಾಡಿಗೆ ಮನೆಯ ಮಾನ್ಯ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಾಳಲ್ಲ, ಬಟ್ಟೆ ಒಣಹಾಕಲು ಬಂದವಳು ನೋಡಿ ಬೈದಳು: "ಅಂಕಲ್, ಇದೇನು ದಂಟಿನ ಸೊಪ್ಪಾ? ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ರೆ ಮಾತ್ರ ನೀರು ಹಾಕ್ಬೇಕು." ಕೆಡದೆ ಉಳಿದಿದ್ದದ್ದು ಎರಡೇ ಎಲೆ. ಎಲೆಯ ತುಂಡಿನಿಂದಲೇ ಹೊಸ ಗಿಡ ಹುಟ್ಟುತ್ತದಂತೆ. ಬ್ಲೇಡಿನಿಂದ ಅವನ್ನು ತುಂಡು ಮಾಡಿಸಿದಳು, ಒಂದೊಂದು ತುಂಡಿನಲ್ಲೂ ದಪ್ಪ ನರ ಇರಬೇಕಂತೆ. ತೇವದ ಮರಳಿನಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ, ಬಿಸಿಲು ನೇರವಾಗಿ ಬೀಳದ ಅಡುಗೆಮನೆ ಕಿಟಕಿಯಲ್ಲಿಟ್ಟೆವು. ಒಂದು ತಿಂಗಳು ಏನೂ ಇಲ್ಲ. ನಾಲ್ಕು ತುಂಡು ಕಪ್ಪಗಾದವು. ನಾನು ದಿನಕ್ಕೆ ಹತ್ತು ಸಲ ಬಗ್ಗಿ ನೋಡುತ್ತಿದ್ದೆ. ಆಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡುತ್ತೇನೆ, ನರದ ಬುಡದಲ್ಲಿ ಸಾಸಿವೆಯಷ್ಟು ಕೆಂಪು ಚಿಗುರು! ಮಾನ್ಯಳನ್ನು ಕೂಗಿದ ಕೂಗಿಗೆ ಎದುರು ಮನೆಯವರೂ ಓಡಿಬಂದರು, ನನಗೇನೋ ಆಯಿತೆಂದು.

ಈಗ ಒಂಬತ್ತು ಮರಿಗಳು. ಹೆಬ್ಬೆರಳಿನ ಉಗುರಿನಷ್ಟು ಎಲೆಗೂ ಬೆಳ್ಳಿ ಪಟ್ಟೆ ಬಂದಿದೆ. ಚುಕ್ಕೆ ಎಲೆಯ ಉದ್ದ ಬಿಗೋನಿಯಕ್ಕೆ ಕೋಲು ಕಟ್ಟಿದ್ದೇನೆ, ಗುಲಾಬಿ ಹೂಗೊಂಚಲು ಝುಮುಕಿಯ ಹಾಗೆ ತೂಗುತ್ತಿದೆ. ಮೇಣದ ಎಲೆಯ ಪುಟ್ಟವು ಮಾತ್ರ ನನ್ನ ಕೈಗೂ ಜಗ್ಗದೆ, ದಿನವೂ ಹೂ ಬಿಡುತ್ತಿವೆ. ನನಗೆ ಹುಚ್ಚು ಹಿಡಿದಿದೆ, ಮುತ್ಯಾಲು. ಬೆರಳಿಡದೆ ಈಗ ತುಳಸಿಗೂ ನೀರು ಹಾಕುವುದಿಲ್ಲ.

ಮಗುವಿಗೂ ಐಶ್ವರ್ಯಳಿಗೂ ನನ್ನ ಆಶೀರ್ವಾದ, ಅಳಿಯಂದಿರಿಗೆ ನಮಸ್ಕಾರ. ಬೈಯುವುದನ್ನು ಬಂದ ಮೇಲೆ ಬೈಯಿ, ಎದುರಿಗೇ ಕೇಳಬೇಕೆನಿಸಿದೆ.

ನಿನ್ನ,
ಅರ್ಜುನಪ್ಪ

ಮರೆತಿದ್ದೆ: ಒಂಬತ್ತು ಎಂದೆನಲ್ಲ, ಮನೆಯಲ್ಲಿರುವುದು ಎಂಟೇ. ಒಂದನ್ನು ಬಸವಮ್ಮನ ಮಗಳು ತೇಜಸ್ವಿನಿಗೆ ಕೊಟ್ಟುಬಂದೆ. ಅಕ್ಕನ ತಿಥಿಗೆ ಅವಳು ಸರಿಯಾಗಿ ಕರೆಯಲಿಲ್ಲವೆಂದು ಎರಡು ವರ್ಷದಿಂದ ನೀನು ಮಾತು ಬಿಟ್ಟಿದ್ದೀಯೆ, ಗೊತ್ತು. ಆದರೆ ಅವಳ ಬಳಿ ಅಮ್ಮನ ಗಿಡ ಒಂದೂ ಉಳಿದಿಲ್ಲವಂತೆ. ಕುಂಡವನ್ನು ಎದೆಗವಚಿಕೊಂಡು "ಚಿಕ್ಕಮ್ಮ ಕಳ್ಸಿದ್ರಾ?" ಎಂದಳು. ನಾನು ಹೂಂ ಎಂದುಬಿಟ್ಟೆ. ಗುರುವಾರ ಸಂಜೆ ನಿನಗೆ ಫೋನು ಮಾಡುತ್ತಾಳೆ. ಎತ್ತು. ಹೂಂ ಅನ್ನು.