ಹದಿನೈದು ದಿನದ ಮಾತು

ಗದಗ, ಫೆಬ್ರವರಿ ೩೦, ೨೧೯೪

ಶೈಲಜಾ ಅಜ್ಜಿಗೆ ನೀಲವೇಣಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ವಯಸ್ಸಿನಲ್ಲಿ ನಿನಗಿನ್ನೂ ಇಪ್ಪತ್ತೊಂಬತ್ತು, ನನಗೆ ಎಪ್ಪತ್ತು ತುಂಬಿದೆ. ಆದರೂ ನೀನು ನನ್ನ ಮುತ್ತಜ್ಜಿಯ ತಾಯಿ, ಅಜ್ಜಿ ಎನ್ನದೆ ಏನೆನ್ನಲಿ? ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ನಮ್ಮ ಕಾಲದ ಅಂಚೆ ಹಿಂದಿನ ಕಾಲಕ್ಕೂ ಹೋಗುತ್ತದೆ; ಇದು ನಿನ್ನ ಕೈಸೇರುವಾಗ ಬೆಳಗಿನ ಹತ್ತೂವರೆ. ನೀನು ಕೌಟುಂಬಿಕ ನ್ಯಾಯಾಲಯದ ಹೊರಗೆ ಬೆಂಚಿನ ಮೇಲೆ ಕೂತಿರುತ್ತೀ. ಹನ್ನೊಂದಕ್ಕೆ ನಿನ್ನ ಹೆಸರು ಕೂಗುತ್ತಾರೆ. ಅಷ್ಟರೊಳಗೆ ಓದಿ ಮುಗಿಸು, ತಾಯಿ.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ಯಾರೂ ಹಲ್ಲುಜ್ಜುವ ಬ್ರಶ್ಶನ್ನು ಬಚ್ಚಲಮನೆಯ ಲೋಟದಲ್ಲಿ ಇಡುವುದಿಲ್ಲ. ಬಾಗಿಲ ಹಿಂದೆ ತೂಗುಹಾಕಿದ ತಮ್ಮ ತಮ್ಮ ಚೀಲದಲ್ಲಿ ಇಡುತ್ತಾರೆ. ಅವ್ವ ನನಗೆ ಹಾಗೆ ಕಲಿಸಿದಳು, ಅವಳಿಗೆ ಅವಳವ್ವ. 'ಇದೇನ್ರೀ ಅತ್ತಿ, ದಿನಾ ಊರಿಗೆ ಹೊಂಟವರಂಗ?' ಎಂದು ಸೊಸೆ ನಗುತ್ತಿದ್ದಳು. ಹೋದ ತಿಂಗಳು ನ್ಯಾಯಾಲಯದ ಹಳೆಯ ಕಡತಗಳಲ್ಲಿ ನಿನ್ನ ಮೊಕದ್ದಮೆ ಸಿಕ್ಕಿತು. ಅಲ್ಲೇ ಕೂತು ಅತ್ತುಬಿಟ್ಟೆ.

ನಿನ್ನ ಗಂಡ ನಿಮ್ಮ ಮಗಳನ್ನು, ನನ್ನ ಮುತ್ತಜ್ಜಿ ಪ್ರಣತಿಯನ್ನು, ನಿನಗೆ ಹೇಳದೆ ಶಾಲೆಯಿಂದಲೇ ಕರೆದೊಯ್ದು ಇವತ್ತಿಗೆ ಐದು ದಿನ. ಆರು ವರ್ಷದ ಕೂಸು! ನೀನು ತುರ್ತು ಅರ್ಜಿ ಹಾಕಿದ್ದೀ. ಸದ್ಯಕ್ಕೆ ಮಗು ಸೋದರತ್ತೆಯ ಮನೆಯಲ್ಲಿರಲಿ ಎಂದು ಆ ಕಡೆಯವರು ಕೇಳುತ್ತಾರೆ. ನಿನ್ನ ವಕೀಲರು 'ಒಪ್ಪಿಗಿ ಕೊಡ್ರಿ ಅಕ್ಕಾರ, ತಾತ್ಕಾಲಿಕ ಐತಿ, ಹದಿನೈದು ದಿನದ ಮಾತು' ಎನ್ನುತ್ತಾರೆ. ನೀನು ಸಹಿ ಹಾಕುತ್ತೀ. ಕಾಗದದಲ್ಲಿ ಮಾತ್ರ ಹದಿನೈದು ದಿನವೆಂದು ಇರುವುದಿಲ್ಲ, 'ಮುಂದಿನ ಆದೇಶದವರೆಗೆ' ಎಂದಿರುತ್ತದೆ. ಆಮೇಲೆ ಬೇಸಿಗೆ ರಜೆ, ನ್ಯಾಯಾಧೀಶರ ವರ್ಗಾವಣೆ, ಆ ಕಡೆಯವರ ಗೈರುಹಾಜರಿ. ಏಳು ವರ್ಷ, ಅಜ್ಜಿ! ಸಹಿ ಹಾಕಿದ ಸಂಜೆ, ಹದಿನೈದು ದಿನವೆಂದು ನೀನೇ ಅವಳ ಚೀಲ ತುಂಬಿ ಕಳಿಸುತ್ತೀ. ಹುಡುಗಿ ಅದನ್ನು ನಂಬಿ ಬ್ರಶ್ಶನ್ನು ಚೀಲದಿಂದ ಹೊರಗಿಡಲೇ ಇಲ್ಲವೆಂದು ಆಪ್ತಸಮಾಲೋಚಕಿ ಬರೆದಿಟ್ಟಿದ್ದಾಳೆ. ಯಾರ ಬಳಿ ಇರುತ್ತೀಯೆಂದು ಹದಿಮೂರನೆಯ ವಯಸ್ಸಿನಲ್ಲಿ ನ್ಯಾಯಾಲಯದಲ್ಲಿ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: 'ಎಲ್ಲಿದ್ರೂ ಅಷ್ಟ ರೀ. ಇಲ್ಲೇ ರೂಢಿ ಆಗೇತಿ.'

ನಮ್ಮಲ್ಲೀಗ ಅಂಥ ಆದೇಶವಿಲ್ಲ. ಇರುವುದು ಗಡುವಾಜ್ಞೆ. ಹದಿನಾಲ್ಕನೆಯ ದಿನ ಸೂರ್ಯ ಮುಳುಗಿದರೆ ಅದು ತಾನಾಗಿ ಸಾಯುತ್ತದೆ. ಅಷ್ಟರೊಳಗೆ ನ್ಯಾಯಾಧೀಶರೇ ಮಗುವಿರುವ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಅದರ ಬಟ್ಟೆ ಕಪಾಟಿನಲ್ಲಿದೆಯೋ ಚೀಲದಲ್ಲಿದೆಯೋ ನೋಡಿ, ಮತ್ತೆ ವಿಚಾರಿಸಬೇಕು. ನಿನಗೆ ಆ ಭಾಗ್ಯವಿಲ್ಲ, ಬಾಯಿಯಿದೆ. ನೀನು ಅಂಜುಬುರುಕಿಯೆಂದು ಕಡತ ಓದಿದರೇ ತಿಳಿಯುತ್ತದೆ. ಸಿಟ್ಟಾಗಬೇಡ, ನನಗೂ ಅದೇ ರಕ್ತ. ವಕೀಲರು ದುರುಗುಟ್ಟಿ ನೋಡಿದರೆ ನೋಡಲಿ. ಸಹಿಗೆ ಮೊದಲು ಎದ್ದು ನಿಂತು, 'ಸ್ವಾಮಿ, ಇದು ಮುಗಿಯುವ ತಾರೀಖು ಬರೆಸಿಕೊಡಿ' ಎಂದು ಕೇಳು. ಬರೆಯದಿದ್ದರೆ ಸಹಿ ಹಾಕಬೇಡ.

ಹನ್ನೊಂದಾಗುತ್ತ ಬಂತು. ನಿನ್ನ ಬಚ್ಚಲಮನೆಯ ಲೋಟದಲ್ಲಿ ಅವಳ ಬ್ರಶ್ಶು ಇನ್ನೂ ಇದೆ, ಅದನ್ನು ತೆಗೆಯಬೇಡ. ಅಗೋ, ಕೂಗಿದರು, ಏಳು. ಇಲ್ಲಿ ನಾನು, ಈಗ ಮಾಯವಾದೀತೇನೋ ಎಂದು, ಬಾಗಿಲ ಹಿಂದಿನ ಚೀಲವನ್ನೇ ನೋಡುತ್ತ ಕೂತಿದ್ದೇನೆ.